ಹಿಂದಿನ ಸೀಟಿನ ಲೆಕ್ಕ

ಕಾರನ್ನು ತಗ್ಗಿಸುವವರ ಕಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿನ ಮೇಲಿರುತ್ತದೆ. ಸಂದು ಕಿರಿದಾದಷ್ಟೂ ಕಾರು ನೆಲಕ್ಕೆ ಅಂಟಿ ಕೂತಂತೆ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಅದೇ ಹೊತ್ತಿಗೆ ಒಳಗಡೆ, ಧೂಳು ತಡೆಯುವ ಬೂಟಿನ ಮರೆಯಲ್ಲಿ, ಇನ್ನೊಂದು ಸಂದೂ ಅಷ್ಟೇ ಕಿರಿದಾಗಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ರಾಡಿನ ಮೇಲ್ತುದಿಗೆ ಪೋಣಿಸಿದ ಬಂಪ್ ಸ್ಟಾಪ್ ಎಂಬ ಒಂದು ಫೋಮ್ ತುಂಡು, ಅದರ ಕೆಳಗೆ ಒಂದಿಷ್ಟು ಬರಿ ರಾಡು, ಆಮೇಲೆ ಶಾಕ್ಸಿನ ಕೊಳವೆ. ಹಳ್ಳದಲ್ಲೋ ಹಂಪಿನ ಮೇಲೋ ಚಕ್ರ ಮೇಲೆದ್ದಾಗ ಆ ಕೊಳವೆ ಬಂದು ಫೋಮಿಗೆ ತಾಗಿ ನಿಲ್ಲಬೇಕು. ಕಾರು ತಗ್ಗಿದಾಗ ಕರಗುವುದು ನಡುವಿನ ಬರಿ ರಾಡಿನ ಉದ್ದ.

ಹಾಸನದ ಒಂದು ಗ್ಯಾರೇಜಿನಲ್ಲಿ ಆ ತುಂಡನ್ನು ಕುಯ್ಯಬೇಕೋ ಬೇಡವೋ ಎಂದು ನನ್ನೆದುರೇ ನಡೆದ ಮಾತು ಇದು. ಮೇಸ್ತ್ರಿ ಅಂಬಾಸಿಡರ್ ಕಾಲದಿಂದ ಸ್ಪ್ಯಾನರ್ ಹಿಡಿದವರು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ವಾರದ ಕೊನೆಗೆ ಊರಿಗೆ ಬರುತ್ತಾನೆ. ಅವನ ತಂದೆಯ ಗಾಡಿಯೂ ಇದೇ ಗ್ಯಾರೇಜಿಗೆ ಬರುತ್ತಿದ್ದುದರಿಂದ ಇಬ್ಬರಿಗೂ ಸಲುಗೆ ಇತ್ತು. ಕಾರು ಪೋಲೊ. ಹಿಂದಿನ ಎರಡು ಶಾಕ್ಸೂ ಕಳಚಿ ಬೆಂಚಿನ ಮೇಲೆ ಮಲಗಿದ್ದವು.

ಹುಡುಗ: ಮೇಸ್ತ್ರಿ, ಜಾಸ್ತಿ ಕೆಲಸ ಇಲ್ಲ. ಈ ಬಂಪ್ ಸ್ಟಾಪನ್ನ 20 ಮಿಲಿಮೀಟರ್ ಕುಯ್ದು ವಾಪಸ್ ಹಾಕ್ಕೊಡಿ. ಎರಡೂ ಕಡೆ.

ಮೇಸ್ತ್ರಿ: 20 ಯಾಕೆ? 10 ಯಾಕಲ್ಲ, 30 ಯಾಕಲ್ಲ?

ಹುಡುಗ: ಅಳತೆ ಮಾಡಿಸಿದೀನಿ. ಕಂಪನಿ ಸ್ಪ್ರಿಂಗ್ ಇದ್ದಾಗ, ನಾನೊಬ್ಬನೇ ಕೂತ್ರೆ, ಫೋಮ್ ತುದಿಯಿಂದ ಶಾಕ್ಸ್ ತಲೆವರೆಗೆ 55 ಮಿಲಿಮೀಟರ್ ಇತ್ತು. ಲೋವರಿಂಗ್ ಸ್ಪ್ರಿಂಗ್ ಹಾಕಿ 35 ತಗ್ಗಿಸಿದ ಮೇಲೆ ಉಳಿದಿರೋದು 20. ಚಿಕ್ಕ ಹಂಪ್ ಸಿಕ್ಕಿದ್ರೂ ಹಿಂದೆ ಧಡ್ ಅನ್ನುತ್ತೆ.

ಮೇಸ್ತ್ರಿ: ಧಡ್ ಅನ್ನೋದು ಇದೇ ಅಂತ ಹೆಂಗೆ ಗೊತ್ತು? ಟೈರು ಒಳಗಿನ ಲೈನಿಂಗಿಗೆ ತಾಗಿದ್ರೂ ಧಡ್ ಅನ್ನುತ್ತೆ. ಸೈಲೆನ್ಸರ್ ಹ್ಯಾಂಗರ್ ಸಡಿಲ ಆಗಿದ್ರೂ ಅನ್ನುತ್ತೆ. ಡಿಕ್ಕೀಲಿ ಸ್ಟೆಪ್ನಿ ಬೋಲ್ಟ್ ಸಡಿಲ ಇದ್ರೂ ಅನ್ನುತ್ತೆ.

ಹುಡುಗ: ಬೂಟ್ ಮೇಲೆತ್ತಿ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ, ಕೊಳವೆ ತಲೆಗೆ ತಾಗೋ ಹಾಗೆ ಕೆಳಗೆ ತಳ್ಳಿಟ್ಟಿದ್ದೆ. ಒಂದು ರೌಂಡ್ ಹೋಗಿ ಬಂದು ನೋಡಿದ್ರೆ ಟೈ ಮೇಲೇರಿ ಫೋಮ್ ತುದಿಗೇ ಅಂಟ್ಕೊಂಡಿತ್ತು. ಫೋಮ್ ಮೇಲೆ ಅದರ ಗುರುತು ಬೇರೆ. ನೋಡಿ ಇಲ್ಲಿ.

ಮೇಸ್ತ್ರಿ ಶಾಕ್ಸನ್ನು ಬೆಳಕಿಗೆ ಹಿಡಿದು ನೋಡಿದರು. ಫೋಮಿನ ಚೂಪಾದ ತುದಿಯ ಸುತ್ತ ಉಗುರಿನಲ್ಲಿ ಒತ್ತಿದಂಥ ಒಂದು ಗೆರೆ, ಅದರ ಒಂದು ಕಡೆ ಟೈನ ಗಂಟು ಕೂತ ಚೌಕದ ಹಳ್ಳ. ಅವರ ಮುಖದಲ್ಲಿ ಒಂದು ಕ್ಷಣ ಮೆಚ್ಚುಗೆ ಸುಳಿಯಿತು. ಆದರೆ ಗ್ಯಾರೇಜಿನವರು ಮೆಚ್ಚುಗೆಯನ್ನು ಗಿರಾಕಿಗೆ ತೋರಿಸುವುದು ಕಡಿಮೆ.

ಮೇಸ್ತ್ರಿ: ಸರಿ, ತಾಗ್ತಿದೆ. ತಾಗಲಿ ಅಂತಾನೇ ಅದನ್ನ ಅಲ್ಲಿ ಇಟ್ಟಿರೋದು. ತಗ್ಗಿಸಿದ್ದು ನೀನು, ತುಂಡಾಗೋದು ಅದು. ಇದೆಲ್ಲಿಯ ನ್ಯಾಯನಪ್ಪಾ?

ಹುಡುಗ: ನ್ಯಾಯದ ಮಾತಲ್ಲ ಮೇಸ್ತ್ರಿ, ಲೆಕ್ಕದ ಮಾತು. ಪಿಯುಸೀಲಿ ಓದಿದ್ದು: ಸ್ಪ್ರಿಂಗ್ ಹೀರೋ ಶಕ್ತಿ ಅದು ಕುಗ್ಗೋ ದೂರದ ವರ್ಗಕ್ಕೆ ತಕ್ಕಂತೆ. 55 ಇದ್ದಿದ್ದು 20 ಆಯ್ತು ಅಂದ್ರೆ ಮೂರರಲ್ಲಿ ಒಂದಕ್ಕೆ ಇಳೀತು ಅನ್ಸುತ್ತೆ. ಆದ್ರೆ 55ನ್ನ 55ರಿಂದ ಗುಣಿಸಿ, 20ನ್ನ 20ರಿಂದ ಗುಣಿಸಿ. 3025 ಎಲ್ಲಿ, 400 ಎಲ್ಲಿ! ಹೊಸ ಸ್ಪ್ರಿಂಗ್ ಕಂಪನೀದಕ್ಕಿಂತ 25 ಪರ್ಸೆಂಟ್ ಬಿಗಿ, ಅದನ್ನ ಸೇರಿಸಿದ್ರೂ 500. ಅಂದ್ರೆ ಫೋಮಿಗೆ ತಾಗೋ ಮೊದ್ಲು ಸ್ಪ್ರಿಂಗ್ ಹೀರ್ತಿದ್ದ ಹೊಡೆತದಲ್ಲಿ ಆರರಲ್ಲಿ ಒಂದು ಭಾಗ ಮಾತ್ರ ಈಗ ಹೀರುತ್ತೆ. ಮಿಕ್ಕಿದ್ದೆಲ್ಲ ಈ ತುಂಡಿನ ಮೇಲೆ. ಇನ್ನು 20 ಕುಯ್ದ್ರೆ ಜಾಗ 40 ಆಗುತ್ತೆ. 40ನ್ನ 40ರಿಂದ ಗುಣಿಸಿ ಬಿಗಿ ಸೇರಿಸಿದ್ರೆ 2000. ಮೂರರಲ್ಲಿ ಎರಡು ಪಾಲು ವಾಪಸ್ ಬಂತು.

ಮೇಸ್ತ್ರಿ: ಲೆಕ್ಕ ಚೆನ್ನಾಗಿದೆ. ಅದೇ ಲೆಕ್ಕ ಸ್ಪ್ರಿಂಗ್ ಕೊಳ್ಳೋಕೆ ಮುಂಚೆ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ಹುಡುಗ: ಕೊಂಡಾಯ್ತಲ್ಲ. ಈಗ ಇರೋದ್ರಲ್ಲಿ ಸರಿ ಮಾಡೋದು ಹೆಂಗೆ ಅಂತ ಹೇಳಿ.

ಮೇಸ್ತ್ರಿ: ಹೇಳ್ತೀನಿ. ನೀನು ಗಾಡೀನ ಕೆಳಗಿಳಿಸ್ದೆ. ಚಕ್ರ ಮೇಲೆ ಎಲ್ಲಿವರೆಗೆ ಹೋಗ್ಬೋದು ಅನ್ನೋ ಮಿತಿ ಇಳೀಲಿಲ್ಲ, ಏರಲೂ ಇಲ್ಲ. ಅದು ಬಾಡೀಲಿ ಇದೆ. ಟೈರು ಮೇಲೆ ಹೋಗ್ತಾ ಹೋಗ್ತಾ ಒಂದು ಕಡೆ ಮಡ್‌ಗಾರ್ಡ್ ತುಟಿ ಸಿಗುತ್ತೆ, ಹಿಂದಿನ ಬೀಮಿಗೆ ಬಾಡಿ ಸಿಗುತ್ತೆ, ಶಾಕ್ಸ್ ಒಳಗೆ ಪಿಸ್ಟನ್ನಿಗೆ ತಳದ ವಾಲ್ವ್ ಸಿಗುತ್ತೆ. ಈ ಮೂರೂ ಆಗಬಾರದು ಅಂತಾನೇ ಕಂಪನಿಯೋರು ಇಷ್ಟುದ್ದದ ರಬ್ಬರ್ ಇಟ್ಟಿರೋದು. ಗಾಡಿ ನಿಂತಾಗ ಎಷ್ಟು ಎತ್ತರ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಮೇಲಿನ ಕೊನೆಯಿಂದ ಅಳೆದು ಇಟ್ಟಿದ್ದು ಅದು. ನೀನು 20 ಕುಯ್ದ್ರೆ ಆ ಕೊನೇನ 20 ಮೇಲಕ್ಕೆ ತಳ್ಳಿದ ಹಾಗೆ.

ಹುಡುಗ: ಇಲ್ಲ, ಅಲ್ಲೇ ವ್ಯತ್ಯಾಸ ಇರೋದು. 20 ತಳ್ಳಿದ ಹಾಗಲ್ಲ. ನಿಮ್ಮ ಅಂಬಾಸಿಡರಲ್ಲಿ ಇದ್ದಿದ್ದು ಗಟ್ಟಿ ರಬ್ಬರು. ಅದನ್ನ ಒತ್ತಿದ್ರೆ ಪಕ್ಕಕ್ಕೆ ಉಬ್ಬುತ್ತೆ, ಪಕ್ಕದಲ್ಲಿ ಜಾಗ ಇಲ್ಲ ಅಂದ್ರೆ ಕಲ್ಲು. ಇದು ಪಾಲಿಯುರೆಥೇನ್ ಫೋಮು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿ ಗುಳ್ಳೆ. ಬಿಎಎಸ್‌ಎಫ್‌ನೋರು ಸೆಲಾಸ್ಟೊ ಅಂತ ಮಾರೋದು ಇದೇ ಜಾತಿ. ಬನ್ ಒತ್ತಿದ ಹಾಗೆ ಒಳಗೊಳಗೇ ಕುಗ್ಗುತ್ತೆ, ಪಕ್ಕಕ್ಕೆ ಅಷ್ಟಾಗಿ ಉಬ್ಬಲ್ಲ. ಜೋರಾಗಿ ಒತ್ತಿದ್ರೆ ಹೆಚ್ಚು ಕಮ್ಮಿ ಕಾಲು ಭಾಗಕ್ಕೆ ಬರುತ್ತೆ. ಈ ತುಂಡು 60 ಇದೆ, ಪೂರ್ತಿ ಒತ್ತಿದಾಗ 15. ಕುಯ್ದ ಮೇಲೆ 40, ಪೂರ್ತಿ ಒತ್ತಿದಾಗ 10. ಅಂದ್ರೆ ತಾಗೋಕೆ ಮುಂಚೆ ನಂಗೆ 20 ಸಿಕ್ತು, ಕೊನೆ ಮೇಲೆ ಹೋಗಿದ್ದು ಬರೀ 5.

ಇಲ್ಲಿ ಹುಡುಗನದೇ ಮೇಲುಗೈ ಎಂದು ನನಗೆ ಅನಿಸಿತು. ಬಂಪ್ ಸ್ಟಾಪನ್ನು ಕುಯ್ಯುವುದೆಂದರೆ ರಕ್ಷಣೆಯನ್ನೇ ಕುಯ್ಯುವುದು ಎಂಬ ಭಯ ಗಟ್ಟಿ ರಬ್ಬರಿನ ಕಾಲದ್ದು. ಮೇಸ್ತ್ರಿ ಉತ್ತರಿಸಲಿಲ್ಲ. ಕಪಾಟಿನಿಂದ ಒಂದು ಹಳೆಯ ಗ್ರೀಸ್ ಡಬ್ಬ ತಂದು ಬೆಂಚಿನ ಮೇಲೆ ಬೋರಲು ಹಾಕಿದರು. ಒಳಗಿದ್ದದ್ದು ಹಳದಿ ತಿರುಗಿದ ಫೋಮಿನ ಚೂರುಗಳು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು, ಹೊಟ್ಟಿನ ಹಾಗೆ ಉದುರಿತು.

ಮೇಸ್ತ್ರಿ: ಇದು ನಿನ್ನ ಫೋಮು. ಸಕಲೇಶಪುರದ ಕಡೆಯಿಂದ ಬರೋ ಗಾಡಿಗಳಲ್ಲಿ ಬಿಚ್ಚಿದಾಗ ಕೈಗೆ ಸಿಗೋದು ಹಿಂಗೇ. ಬೂಟ್ ಹರಿದಿರುತ್ತೆ, ನೀರು ಇಳಿದಿರುತ್ತೆ, ವರ್ಷಗಟ್ಟಲೆ ತೇವದಲ್ಲಿ ಕೊಳೆತಿರುತ್ತೆ. ಹೊಸದು 15ಕ್ಕೆ ಬಂದು ನಿಲ್ಲುತ್ತೆ ಅಂತೀಯ, ಒಪ್ದೆ. ಐದು ಮಳೆಗಾಲ ಆದ ಮೇಲೆ? 60 ಇದ್ದಿದ್ರೆ ಅರ್ಧ ಉದುರಿದ್ರೂ ಏನೋ ಒಂದು ಉಳಿದಿರುತ್ತೆ. 40 ಇಟ್ಕೊಂಡೋನಿಗೆ ಉಳಿಯೋದೇನು?

ಹುಡುಗ: ಅದಕ್ಕೆ ಹೊಸದು ಹಾಕ್ಬೇಕು. ಬ್ರೇಕ್ ಪ್ಯಾಡ್ ಸವೀತವೆ ಅಂತ ಎರಡರಷ್ಟು ದಪ್ಪದ ಪ್ಯಾಡ್ ಹಾಕ್ತಾರಾ?

ಮೇಸ್ತ್ರಿ: ಪ್ಯಾಡ್ ಸವೆದ್ರೆ ಕಿರುಚುತ್ತೆ, ನೀನು ಗ್ಯಾರೇಜಿಗೆ ಬರ್ತೀಯ. ಇದು ಸತ್ರೂ ಬಾಯಿ ಬಿಡಲ್ಲ. ಇನ್ನೊಂದು ವಿಷಯ ಹೇಳ್ತೀನಿ ಕೇಳು. 5 ಮಿಲಿಮೀಟರ್ ಅಂದ್ಯಲ್ಲ, ಅದು ಒತ್ತೋ ಬಲ ಅಷ್ಟೇ ಇದ್ರೆ. ಫೋಮು ಎಷ್ಟು ಹೊಡೆತ ನುಂಗುತ್ತೆ ಅನ್ನೋದು ಫೋಮು ಎಷ್ಟಿದೆ ಅನ್ನೋದ್ರ ಮೇಲೆ ಹೋಗುತ್ತೆ. ಮೂರರಲ್ಲಿ ಒಂದು ಪಾಲು ಕುಯ್ದ್ರೆ ಅದು ನುಂಗೋದೂ ಮೂರರಲ್ಲಿ ಒಂದು ಪಾಲು ಕಮ್ಮಿ. ದೊಡ್ಡ ಗುಂಡಿ ಬಂದಾಗ ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ಮೇಲಿನ ಮೌಂಟಿಗೆ, ಆಮೇಲೆ ಬಾಡಿ ಶೀಟಿಗೆ.

ಹುಡುಗ: ಫೋಮಿಗೆ ತಾಗೋಕೆ ಮುಂಚೆ ಸ್ಪ್ರಿಂಗ್ ನಾಲ್ಕು ಪಟ್ಟು ಜಾಸ್ತಿ ನುಂಗಿರುತ್ತೆ ಅಂತ ಈಗ ತಾನೇ ಲೆಕ್ಕ ತೋರಿಸ್ದೆ.

ಮೇಸ್ತ್ರಿ: ನೀನೊಬ್ಬನೇ ಇದ್ದಾಗ.

ಹುಡುಗ: ಹೌದು, ಒಬ್ಬನೇ ಇದ್ದಾಗ. ನಾನು ಓಡಿಸೋದು ಹೆಚ್ಚಾಗಿ ಒಬ್ಬನೇ. ಕಂಪನಿಯೋರ ಲೆಕ್ಕ ಐದು ಜನ, ಡಿಕ್ಕಿ ತುಂಬ ಲಗೇಜು, ಪೂರ್ತಿ ಲೋಡಿಗೆ ಹಾಕಿದ್ದು. ದಿನಾ ಅಷ್ಟು ಲೋಡ್ ಹಾಕ್ದೇ ಇರೋ ನಾನು ದಿನಾ ಯಾಕೆ ಆ ಲೆಕ್ಕಕ್ಕೆ ದಂಡ ಕಟ್ಟಬೇಕು?

ಮೇಸ್ತ್ರಿ: ಊರಿಗೆ ಬಂದಾಗ ಹಿಂದೆ ಯಾರು ಕೂರ್ತಾರೆ?

ಹುಡುಗ: ಅಮ್ಮ. ಒಂದೊಂದ್ಸಲ ಅತ್ತೆ.

ಮೇಸ್ತ್ರಿ: ಅಮ್ಮನ ಸೊಂಟನೋವು ವಾಸಿ ಆಯ್ತಾ?

ಹುಡುಗ ಒಂದು ಕ್ಷಣ ಸುಮ್ಮನಾದ. ಮೇಸ್ತ್ರಿ ಈ ಪ್ರಶ್ನೆಯನ್ನು ಬೇಕೆಂದೇ ಹಾಕಿದರೋ, ಮನೆಯವರ ಕ್ಷೇಮ ವಿಚಾರಿಸುವ ರೂಢಿಯಿಂದ ಬಂತೋ ಗೊತ್ತಾಗಲಿಲ್ಲ. ಎರಡೂ ಇರಬಹುದು. ಆದರೆ ಹುಡುಗ ಅದನ್ನು ತನ್ನ ಕಡೆಗೇ ತಿರುಗಿಸಿಕೊಂಡ.

ಹುಡುಗ: ಅವರಿಗೋಸ್ಕರಾನೇ ಕುಯ್ಯಿರಿ ಅಂತಿರೋದು. ಹಿಂದೆ ಮೂರು ಜನ, ಎರಡು ಬ್ಯಾಗು ಹಾಕಿ ಟೇಪ್ ಹಿಡಿದು ನೋಡಿದೀನಿ, ಹಿಂಭಾಗ 25 ಕೆಳಗಿಳಿಯುತ್ತೆ. ನಂಗಿರೋದು 20. ಅಂದ್ರೆ ಗಾಡಿ ನಿಂತಲ್ಲೇ ಫೋಮ್ ಮೇಲೆ ಕೂತಿರುತ್ತೆ. ಸ್ಪ್ರಿಂಗಿನ ಜೊತೆಗೆ ಫೋಮಿನ ಬಿಗಿಯೂ ಸೇರ್ಕೊಂಡು ಸಣ್ಣ ಉಬ್ಬೂ ಸೊಂಟಕ್ಕೆ ಬಡಿಯುತ್ತೆ. ಕುಯ್ದ್ರೆ 15 ಆದ್ರೂ ಉಳಿಯುತ್ತೆ.

ಮೇಸ್ತ್ರಿ: 15 ಮಿಲಿಮೀಟರ್ ಅಂದ್ರೆ ನನ್ನ ಕಿರುಬೆರಳಿನಷ್ಟು. ಅದರ ಮೇಲೆ ಘಾಟಿ ಇಳಿಸ್ತೀಯ. ಸಣ್ಣ ಉಬ್ಬಿಗೆ ನಿನ್ನ ಮಾತೇ ಸರಿ, ಕುಯ್ದ್ರೆ ಮೆತ್ತಗಾಗುತ್ತೆ. ದೊಡ್ಡ ಗುಂಡಿಗೆ ನನ್ನ ಮಾತು ಸರಿ, ಕುಯ್ದಿದ್ರೆ ಜೋರಾಗಿ ಬಡಿಯುತ್ತೆ. ಹಾಸನದಿಂದ ಮಂಗಳೂರಿಗೆ ಯಾವುದು ಜಾಸ್ತಿ ಸಿಗುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಡ್ತಾರಾ?

ಹುಡುಗ: ಘಾಟಿ ಮಾತು ಬಂತಲ್ಲ, ಅದಕ್ಕೂ ಒಂದು ಹೇಳ್ತೀನಿ. ದೋಣಿಗಾಲ್ ದಾಟಿ ಇಳೀತಾ ಬಲಕ್ಕೆ ತಿರುಗೋ ಜಾಗದಲ್ಲಿ ಗಾಡಿ ಎಡಕ್ಕೆ ವಾಲುತ್ತೆ, ಎಡಗಡೆ ಹಿಂದಿನ ಚಕ್ರ ಮೇಲೇಳುತ್ತೆ. ಆ ಹೊತ್ತಲ್ಲಿ ಫೋಮ್ ತಾಗ್ತು ಅಂದ್ರೆ ಆ ಮೂಲೆ ಇದ್ದಕ್ಕಿದ್ದಂಗೆ ಬಿಗಿ ಆಗುತ್ತೆ. ಭಾರ ಎಲ್ಲ ಅದೊಂದೇ ಟೈರಿನ ಮೇಲೆ. ಆಕ್ಸಿಲರೇಟರ್ ಬಿಟ್ರೆ ಹಿಂಭಾಗ ಹೊರಗಡೆ ಜಾರುತ್ತೆ. ಮುಂದೆ ತಾಗಿದ್ರೆ ಗಾಡಿ ತಿರುಗಲ್ಲ ಅನ್ನುತ್ತೆ, ಅದು ವಾಸಿ, ಗೊತ್ತಾಗುತ್ತೆ. ಹಿಂದೆ ತಾಗಿದ್ರೆ ಗೊತ್ತಾಗೋ ಹೊತ್ತಿಗೆ ಗಾಡಿ ಅಡ್ಡ ನಿಂತಿರುತ್ತೆ. ಬರೀ ಆರಾಮದ ವಿಷಯ ಅಲ್ಲ ಇದು.

ಮೇಸ್ತ್ರಿ: ಇದನ್ನ ಒಪ್ತೀನಿ. ಮಳೇಲಿ ಹಿಂದ್ಲು ಜಾರಿದ ಗಾಡಿಗಳನ್ನ ಸಾಕಷ್ಟು ಎಳ್ಕೊಂಡು ಬಂದಿದೀನಿ. ಆದ್ರೆ ತಾಗೋದು ತಪ್ಪಲ್ಲ, ಇದ್ದಕ್ಕಿದ್ದಂಗೆ ತಾಗೋದು ತಪ್ಪು. ಅದಕ್ಕೇ ಈ ತುದಿ ನೋಡು, ಚೂಪಾಗಿದೆ. ಮೊದ್ಲು ಮೆತ್ತಗೆ ತಾಗುತ್ತೆ, ಬರಬರ್ತಾ ಬಿಗಿ ಆಗುತ್ತೆ. ನೀನು ಯಾವ ಕಡೆ ಕುಯ್ಯಿ ಅಂತೀಯ?

ಹುಡುಗ: ಆ ಚೂಪನ್ನ ಮುಟ್ಟೋದು ಬೇಡ. ಮೇಲಿನ ದಪ್ಪ ಕಡೆ ಕುಯ್ಯಬೇಕು. ತುದಿ ಕುಯ್ಯೋರು ಇದಾರೆ, ಶಾಕ್ಸ್ ಪೂರ್ತಿ ಬಿಚ್ಚದೇ ಅಲ್ಲೇ ಕೈಗೆ ಸಿಗುತ್ತೆ ಅಂತ. ಮೊಂಡು ತುದಿ ಬಂದು ತಾಗಿದ್ರೆ ಕುಯ್ದೂ ಪ್ರಯೋಜನ ಇಲ್ಲ.

ಮೇಸ್ತ್ರಿ: ಸದ್ಯ, ಇಷ್ಟಾದ್ರೂ ಗೊತ್ತಿದೆ. ದಪ್ಪ ಕಡೆ ಕುಯ್ದ್ರೆ ಇನ್ನೊಂದು ತೊಂದ್ರೆ. ಈ ದಪ್ಪ ತಲೆ ಮೇಲಿನ ಮೌಂಟಿನ ಬಟ್ಟಲೊಳಗೆ ಕಚ್ಕೊಂಡು ಕೂರುತ್ತೆ. ಅದನ್ನ ಕುಯ್ದ ಮೇಲೆ ಹಿಡ್ಕೊಳ್ಳೋದೇನು? ರಾಡಿನ ಮೇಲೆ ಜಾರ್ಕೊಂಡು ಕೆಳಗೆ ಬರುತ್ತೆ. ಬೂಟೂ ಅದನ್ನೇ ನಂಬ್ಕೊಂಡಿರುತ್ತೆ, ಅದೂ ಜಾರುತ್ತೆ. ರಾಡಿಗೆ ಧೂಳು ಕೂರುತ್ತೆ, ಸೀಲ್ ಹೋಗುತ್ತೆ, ಎಣ್ಣೆ ಸೋರುತ್ತೆ. 20 ಮಿಲಿಮೀಟರ್ ಉಳಿಸೋಕೆ ಹೋಗಿ ಒಂದು ಜೊತೆ ಶಾಕ್ಸ್ ಕಳ್ಕೊತೀಯ.

ಹುಡುಗ: ಮೊದಲನೇ ಕಚ್ಚಿನ ಹತ್ರ ಕುಯ್ದ್ರೆ ಅಲ್ಲಿ ವ್ಯಾಸ ಇನ್ನೂ ದಪ್ಪಾನೇ ಇದೆ. ಬಟ್ಟಲಿಗೆ ಬಿಗಿಯಾಗಿ ಕೂರುತ್ತೆ ಅನ್ಸುತ್ತೆ.

ಮೇಸ್ತ್ರಿ: ಅನ್ಸುತ್ತೆ ಅನ್ನೋದನ್ನ ಬಟ್ಟಲು ಕೇಳಲ್ಲ. ಹಿಡಿದು ನೋಡ್ಬೇಕು.

ಹಿಡಿದು ನೋಡಿದರು. ಫೋಮು ಮೂರು ಉಂಗುರಗಳನ್ನು ಒಂದರ ಮೇಲೊಂದು ಕೂರಿಸಿದಂತಿತ್ತು, ನಡುವೆ ಸಣ್ಣ ಕಚ್ಚುಗಳು. ಮೇಲಿನ ಉಂಗುರಕ್ಕೂ ನಡುವಿನದಕ್ಕೂ ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ಮೇಸ್ತ್ರಿ ವರ್ನಿಯರ್ ಹಿಡಿದು ಅಳೆದು, ಏನೂ ಹೇಳದೆ ವರ್ನಿಯರನ್ನು ಒರೆಸಿ ಡಬ್ಬಿಗೆ ಹಾಕಿದರು. ದಪ್ಪ ತುದಿಯಿಂದ ಮೊದಲ ಕಚ್ಚಿಗೆ 14 ಮಿಲಿಮೀಟರ್ ಇತ್ತು.

ಹುಡುಗ: ಮೇಸ್ತ್ರಿ, ದೊಡ್ಡ ಕಂಪನಿಗಳೇ ಇದರ ಜೊತೆ ಆಟ ಆಡ್ತಾರೆ. 2021ರಲ್ಲಿ ನಮ್ಮ ದೇಶಕ್ಕೆ ಬಂತಲ್ಲ ಸಿಟ್ರೊಯೆನ್ ಸಿ5 ಏರ್‌ಕ್ರಾಸ್, ಅದರ ಶಾಕ್ಸ್ ಒಳಗೆ ಎಣ್ಣೆಯ ಸ್ಟಾಪ್ ಇದೆ. ಚಕ್ರ ಕೊನೆಗೆ ಬರೋ ಹೊತ್ತಿಗೆ ಎಣ್ಣೆ ತಡೆದು ನಿಧಾನ ಮಾಡುತ್ತೆ. ರ‍್ಯಾಲಿ ಗಾಡಿಗಳಲ್ಲೂ ಹಂಗೇ. ರೇಸಿನೋರು ಬಂಪ್ ರಬ್ಬರನ್ನ ಎರಡನೇ ಸ್ಪ್ರಿಂಗ್ ಅಂತಾನೇ ಲೆಕ್ಕ ಹಾಕಿ, ಕೆಳಗೆ ತೆಳ್ಳನೆ ಬಿಲ್ಲೆ ಸೇರಿಸಿ ತೆಗೆದು ಹೊಂದಿಸ್ತಾರೆ. ಅದೇನು ಮುಟ್ಟಬಾರದ ವಸ್ತು ಅಲ್ಲ.

ಮೇಸ್ತ್ರಿ: ಚಿಕ್ಕಮಗಳೂರು ಕಾಫಿ ತೋಟದಲ್ಲಿ ರ‍್ಯಾಲಿ ಆದಾಗ ನೋಡಿದೀನಿ. ಆ ಗಾಡಿಗಳನ್ನ ತಗ್ಗಿಸಿರಲ್ಲ, ಎತ್ತರಿಸಿರ್ತಾರೆ.

ಹುಡುಗ: ಮಣ್ಣಿನ ದಾರಿಗೆ ಎತ್ತರಿಸ್ತಾರೆ. ಡಾಂಬರ್ ರ‍್ಯಾಲಿಗೆ ತಗ್ಗಿಸ್ತಾರೆ.

ಮೇಸ್ತ್ರಿ: ನಮ್ಮೂರಿನ ರಸ್ತೆ ಯಾವುದಕ್ಕೆ ಸೇರಿದ್ದು ಅಂತ ನೀನೇ ಹೇಳು.

ಹುಡುಗ: ರಸ್ತೆ ಸರಿ ಇಲ್ಲ ಅಂತ ಗಾಡೀನ ಬೈಯ್ಯೋದಾ? ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿಗೆ ಅಳತೆ ಕೊಟ್ಟಿದೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಬಾಗು. 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟ್ಬೋದು. ಅಂಥ ಹಂಪಲ್ಲಿ ನನ್ನ ಗಾಡಿ ಫೋಮ್ ಮುಟ್ಟೋದೇ ಇಲ್ಲ.

ಮೇಸ್ತ್ರಿ: ನಮ್ಮಲ್ಲಿ ಹಂಪ್ ಹಾಕೋದು ಆಕ್ಸಿಡೆಂಟ್ ಆದ ಮಾರನೇ ದಿನ. ಮಿಕ್ಕಿದ ಡಾಂಬರ್ ಸುರಿದು ಸಲಿಕೇಲಿ ತಟ್ಟಿ ಹೋಗ್ತಾರೆ. 3.7 ಮೀಟರ್ ಎಲ್ಲಿಂದ ಬರುತ್ತೆ? ಒಂದು ಮಾರು ಇದ್ರೆ ಹೆಚ್ಚು. ನಿನ್ನ ಅಳತೆ ಪುಸ್ತಕದ್ದು, ರಬ್ಬರ್ ಇಟ್ಟೋನ ಅಳತೆ ಆ ಸಲಿಕೆಯೋನನ್ನ ನೆನೆಸ್ಕೊಂಡು ಇಟ್ಟಿದ್ದು. ಅದಿರಲಿ, ಕಾನೂನು ಏನು ಹೇಳುತ್ತೆ? ಕಂಪನಿ ಕೊಟ್ಟ ಅಳತೆ ಬದಲಾಯಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ 2019ರಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಿದ್ದುಪಡಿ ಆದ ಮೇಲೆ ಒಂದೊಂದು ಮಾರ್ಪಾಟಿಗೆ 5,000 ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬೋದು.

ಹುಡುಗ: ಹಂಗಾದ್ರೆ ನಿಮ್ಮ ಗ್ಯಾರೇಜಿಗೆ ಸ್ಪ್ರಿಂಗಿನ ಸುತ್ತಿನ ನಡುವೆ ರಬ್ಬರ್ ಬಫರ್ ಸಿಗಿಸಿ ಅಂತ ಬರೋರನ್ನೆಲ್ಲ ಜೈಲಿಗೆ ಹಾಕ್ಬೇಕು. ಗೋಡೆ ಮೇಲೆ ನೇತಾಡ್ತಿದೆ ನೋಡಿ, ಡಜನ್ನುಗಟ್ಟಲೆ.

ಮೇಸ್ತ್ರಿ ನಕ್ಕರು. ಗೋಡೆಯ ಮೊಳೆಗೆ ಸಿಕ್ಕಿಸಿದ ಪಾರದರ್ಶಕ ಬಫರುಗಳ ಪೊಟ್ಟಣಗಳು ನಿಜಕ್ಕೂ ಸಾಲಾಗಿದ್ದವು. ಗಾಡಿ ಕುಸಿದಿದೆ ಎಂದು ದೂರುವವರಿಗೆ ಇಡೀ ಕರ್ನಾಟಕದಲ್ಲಿ ಸಿಗುವ ಅಗ್ಗದ ಮದ್ದು ಅದು.

ಮೇಸ್ತ್ರಿ: ಅದನ್ನ ನಿಂಗೆ ಹಾಕ್ಕೊಡಲ್ಲ. ಹಾಕಿದ್ರೆ ಒಂದು ಸುತ್ತು ಕೆಲಸ ಮಾಡೋದೇ ನಿಲ್ಲಿಸುತ್ತೆ, ಸ್ಪ್ರಿಂಗ್ ಇನ್ನೂ ಬಿಗಿ. ನಿನ್ನ ಅಮ್ಮನಿಗೆ ಅದಕ್ಕಿಂತ ಎತ್ತಿನ ಗಾಡಿ ವಾಸಿ. ನನ್ನ ಕೇಳಿದ್ರೆ ಕಂಪನಿ ಸ್ಪ್ರಿಂಗ್ ವಾಪಸ್ ಹಾಕು. ಡಿಕ್ಕೀಲೇ ಇಟ್ಕೊಂಡಿದೀಯಲ್ಲ.

ಹುಡುಗ: ಹಾಕಲ್ಲ ಮೇಸ್ತ್ರಿ. ಫೋಟೊಗೆ ಅಂತ ತಗ್ಗಿಸಿದ್ದಲ್ಲ ನಾನು, ಸ್ವಲ್ಪ ಅದೂ ಇದೆ ಬಿಡಿ. ಆದ್ರೆ ತಿರುವಲ್ಲಿ ಗಾಡಿ ವಾಲೋದು ಕಮ್ಮಿ ಆಗಿದೆ, ಸ್ಟೇರಿಂಗ್ ಹೇಳಿದ ಮಾತು ಕೇಳುತ್ತೆ. ಹೈವೇನಲ್ಲಿ ಗಾಳಿಗೆ ಅಲ್ಲಾಡಲ್ಲ. ಅದು ಸುಳ್ಳಲ್ಲ.

ಮೇಸ್ತ್ರಿ: ಸುಳ್ಳು ಅಂದೋರ್ಯಾರು? ನಾನೂ ಒಂದು ಸುತ್ತು ಓಡಿಸಿ ನೋಡಿದೀನಿ. ಚೆನ್ನಾಗಿದೆ. ಚೆನ್ನಾಗಿರೋದು ನಿಂಗೆ. ಡ್ರೈವರ್ ಸೀಟು ಎರಡೂ ಆಕ್ಸಲ್ ನಡುವೆ ಇದೆ, ಹಿಂದಿನ ಸೀಟು ಹಿಂದಿನ ಚಕ್ರದ ತಲೆ ಮೇಲಿದೆ. ನಿಂಗೆ ಸಿಗೋ ಖುಷಿ ಒಂದು ಕಡೆ, ಅದರ ಬಿಲ್ ಇನ್ನೊಂದು ಕಡೆ.

ಹುಡುಗ: ಹಂಗಾದ್ರೆ ಚಿಕ್ಕ ಕೊಳವೆಯ ಶಾಕ್ಸ್ ತರಿಸ್ತೀನಿ. ಕೊಳವೆ 20 ಮಿಲಿಮೀಟರ್ ಗಿಡ್ಡ ಇದ್ರೆ ಫೋಮ್ ಕುಯ್ಯದೇನೇ ಅಷ್ಟು ಜಾಗ ಸಿಗುತ್ತೆ, ಒಳಗಿನ ಪಿಸ್ಟನ್ನೂ ತಳಕ್ಕೆ ಹೊಡೆಯಲ್ಲ. ಸರಿಯಾದ ದಾರಿ ಅದೇ. ಆದ್ರೆ ಅದರ ರೇಟು ಕೇಳಿದ್ರೆ ನಿಮಗೆ ತಲೆ ತಿರುಗುತ್ತೆ. ಅದು ಬರೋವರೆಗೆ ಏನು ಮಾಡ್ಲಿ?

ಮೇಸ್ತ್ರಿ: ಅದು ಬಂದ್ರೂ ಟೈರಿಗೆ ಮಡ್‌ಗಾರ್ಡ್ ದೂರ ಹೋಗಲ್ಲ, ನೆನಪಿಟ್ಕೋ. ಸರಿ, ಮಾತು ಸಾಕು. ಸ್ಪ್ರಿಂಗ್ ತೆಗೆದು ನೋಡೋಣ.

ಇದು ನನಗೆ ಹೊಸದಾಗಿತ್ತು. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದರು. ಹಿಂದಿನ ಎರಡು ಸ್ಪ್ರಿಂಗೂ ಹೊರಗೆ. ಬಂಪ್ ಸ್ಟಾಪ್ ಇಲ್ಲದೆ ಬರಿ ಶಾಕ್ಸನ್ನು ಸಡಿಲವಾಗಿ ಸಿಕ್ಕಿಸಿ, ಚಕ್ರ ಹಾಕಿ, ಜ್ಯಾಕಿನಿಂದ ಬೀಮನ್ನು ಕೆಳಗಿನಿಂದ ನಿಧಾನವಾಗಿ ಎತ್ತುತ್ತ ಬಂದರು. ಸ್ಪ್ರಿಂಗಿನ ತಡೆ ಇಲ್ಲದ್ದರಿಂದ ಚಕ್ರ ಸಲೀಸಾಗಿ ಮೇಲೇರಿತು. ಮೊದಲು ಎರಡೂ ಚಕ್ರ ಒಟ್ಟಿಗೆ, ಹಂಪ್ ದಾಟುವಾಗ ಆಗುವಂತೆ. ಆಮೇಲೆ ಒಂದೇ ಕಡೆ, ಗುಂಡಿಯಲ್ಲಿ ಬಿದ್ದಾಗ ಆಗುವಂತೆ. ಒಂದೇ ಕಡೆ ಎತ್ತಿದಾಗ ಬೀಮು ತಿರುಚಿಕೊಂಡು ಟೈರಿನ ಮೇಲಂಚು ಒಳಕ್ಕೆ ವಾಲಿತು. ಮೇಸ್ತ್ರಿ ಟೈರಿಗೂ ಲೈನಿಂಗಿಗೂ ನಡುವೆ ಬೆರಳು ತೂರಿಸಿ, ಹುಡುಗನಿಗೂ ತೂರಿಸಲು ಹೇಳಿದರು.

ಮೇಸ್ತ್ರಿ: ಎರಡೂ ಒಟ್ಟಿಗೆ ಎತ್ತಿದಾಗ ಜಾಗ ಇದೆ. ಒಂದೇ ಎತ್ತಿದಾಗ ಒಳಗಡೆ ಸಾಲದು. ನಿನ್ನ 5 ಮಿಲಿಮೀಟರ್ ಇಲ್ಲಿ ಬೇಕಾಗುತ್ತೆ.

ಹುಡುಗ: ತಾಗ್ತಿಲ್ವಲ್ಲ. ಬೆರಳು ಹೋಗ್ತಿದೆ.

ಮೇಸ್ತ್ರಿ: ಬೆರಳು ಹೋಗುತ್ತೆ. ಹೊಸ ಟೈರ್ ಹಾಕಿಸಿದಾಗ ಹೋಗುತ್ತಾ? ಇವು ಸವೆದ ಟೈರು. ಕೆಸರು ಮೆತ್ಕೊಂಡಾಗ ಹೋಗುತ್ತಾ?

ಹುಡುಗ: ಕೆಸರಿಗೂ ಲೆಕ್ಕ ಇಡೋಕೆ ಹೋದ್ರೆ ಗಾಡಿ ಮನೇಲೇ ನಿಲ್ಲಿಸ್ಬೇಕು.

ಮೇಸ್ತ್ರಿ: ಕಂಪನಿಯೋನು ಇಟ್ಟಿದಾನೆ ಕೆಸರಿಗೂ ಲೆಕ್ಕ. ಅದೇ ನಂಗೆ ಅವನ ಮೇಲೆ ಗೌರವ.

ಹುಡುಗ: ನಂಗೂ ಗೌರವ ಇದೆ. ಆದ್ರೆ ಅವನು ಎಲ್ಲರ ಕೆಸರನ್ನೂ ನನ್ನ ಗಾಡೀಲಿ ತುಂಬಿಸಿದಾನೆ. ನನ್ನ ಪಾಲಿಂದು ಎಷ್ಟೋ ಅಷ್ಟು ಇಟ್ಕೊಂಡು ಮಿಕ್ಕಿದ್ದನ್ನ ನಾನು ವಾಪಸ್ ಕೇಳ್ತಿದೀನಿ. 20 ಬೇಡ, 14 ಕುಯ್ಯಿರಿ. ಮೊದಲನೇ ಕಚ್ಚಿಗೆ.

ಮೇಸ್ತ್ರಿ: 14 ಕುಯ್ದ್ರೆ ನೀನೊಬ್ಬನೇ ಇದ್ದಾಗ 34. ಹಿಂದೆ ಜನ ಕೂತ್ರೆ 9. ಒಂಬತ್ತು ಮಿಲಿಮೀಟರ್!

ಹುಡುಗ: ಕುಯ್ಯದಿದ್ರೆ ಈಗಾಗಲೇ 5 ಒಳಗಿದೆ. ಒಂಬತ್ತು ಅದಕ್ಕಿಂತ ಮೇಲು.

ಇದಕ್ಕೆ ಮೇಸ್ತ್ರಿ ಬಳಿ ಉತ್ತರ ಇರಲಿಲ್ಲ, ಹಾಗೆಂದು ಒಪ್ಪಿಗೆಯೂ ಇರಲಿಲ್ಲ. ಹೊಸ ಹ್ಯಾಕ್ಸಾ ಬ್ಲೇಡ್ ತೆಗೆದು, ಫೋಮನ್ನು ಸೋಪಿನ ನೀರಲ್ಲಿ ಒದ್ದೆ ಮಾಡಿ, ಕಚ್ಚಿನ ಸುತ್ತ ಮೊದಲು ಒಂದು ಗೆರೆ ಎಳೆದರು. ನೇರವಾಗಿ ಒಂದೇ ಕಡೆಯಿಂದ ಕುಯ್ಯಲಿಲ್ಲ. ಫೋಮನ್ನು ತಿರುಗಿಸುತ್ತ ಸುತ್ತಲೂ ಸ್ವಲ್ಪ ಸ್ವಲ್ಪವೇ ಒಳಕ್ಕೆ ಹೋದರು, ಕೊಯ್ದ ಮುಖ ಓರೆಯಾದರೆ ಬಟ್ಟಲಲ್ಲಿ ಒಂದು ಕಡೆಗೆ ವಾಲಿ ಕೂರುತ್ತದೆ ಎಂದು. ತುಂಡಾದ ಉಂಗುರಗಳನ್ನು ಹುಡುಗ ಜೇಬಿಗೆ ಹಾಕಿಕೊಳ್ಳಲು ಹೋದ. ಮೇಸ್ತ್ರಿ ಅವನ ಕೈಯಿಂದ ಕಿತ್ತುಕೊಂಡು ಗ್ರೀಸ್ ಡಬ್ಬಕ್ಕೆ ಹಾಕಿದರು.

ಮೇಸ್ತ್ರಿ: ಇನ್ನು ಟ್ರಯಲ್. ಹೊಸ ಕೇಬಲ್ ಟೈ ಹಾಕು. ಹಿಂದೆ ಮೂರು ಜನ ಕೂರಿಸ್ಕೊಂಡು ಎಪಿಎಂಸಿ ಹತ್ರದ ಹಂಪ್ ದಾಟಿಸೋಣ, ಆಮೇಲೆ ಆ ರೈಲ್ವೆ ಗೇಟು.

ಹುಡುಗ: ಟೈ ಫೋಮಿಗೆ ಬಂದು ತಾಗಿದ್ರೆ ನಾನು ಸೋತೆ ಅಂತಲ್ಲ. ತಾಗೇ ತಾಗುತ್ತೆ. ಎಷ್ಟು ಒತ್ತಿದೆ ಅನ್ನೋದು ಮುಖ್ಯ.

ಮೇಸ್ತ್ರಿ: ಎಷ್ಟು ಅನ್ನೋದನ್ನ ಟೈ ಹೇಳಲ್ಲ. ಹಿಂದೆ ಕೂತೋರು ಹೇಳ್ತಾರೆ.

ಹುಡುಗ: ಯಾರು ಕೂರ್ತಾರೆ?

ಮೇಸ್ತ್ರಿ ಪಿಟ್ಟಿನೊಳಗಿದ್ದ ಹುಡುಗರಿಬ್ಬರನ್ನು ಕೂಗಿ ಕರೆದರು. ಅವರು ಕೈ ಒರೆಸಿಕೊಳ್ಳುತ್ತ ಮೇಲೆ ಬಂದರು, ಇಬ್ಬರೂ ಕಡ್ಡಿಯಂಥವರು. ಮೇಸ್ತ್ರಿ ಅವರನ್ನು ಮೇಲಿಂದ ಕೆಳಗೆ ನೋಡಿ, ತೃಪ್ತಿಯಾಗದೆ, ನನ್ನ ಕಡೆ ತಿರುಗಿದರು.

“ಸರ್, ನಿಮ್ಮ ತೂಕ ಎಷ್ಟಿದೆ?”